ಸೀಮೆಎಣ್ಣೆ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸಿದವರು ಇದ್ದೀರಾ? 7,500 ಪೌಂಡ್ ಸಹಾಯಧನ ನಿಜಕ್ಕೂ ಸಿಗುತ್ತಾ?

ಸಾಗರದ_ಸುಮ
ಎಲ್ಲರಿಗೂ ನಮಸ್ಕಾರ. ಈ ಸಲ ನರಕ ಚತುರ್ದಶಿಯ ದಿನವೇ ನಮ್ಮ ಬಾಯ್ಲರ್ (ಮನೆಯನ್ನೂ ನೀರನ್ನೂ ಬಿಸಿ ಮಾಡುವ ಯಂತ್ರ) ಕೈಕೊಟ್ಟಿತು. ಅತ್ತೆ ಊರಿಂದ ಬಂದಿದ್ದಾರೆ. ಬೆಳಗಿನ ಜಾವ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತಿದ್ದಾರೆ, ನಲ್ಲಿಯಲ್ಲಿ ಬರುತ್ತಿರುವುದು ತಣ್ಣೀರು! ಕೆಟಲ್‌ನಲ್ಲಿ ಎಂಟು ಸಲ ನೀರು ಕಾಯಿಸಿ ಬಕೆಟ್ ತುಂಬಿಸಿದೆ. "ಲಂಡನ್ ಲಂಡನ್ ಅಂತೀರಿ, ನಮ್ಮ ಬಚ್ಚಲ ಒಲೆಯೇ ವಾಸಿ" ಅಂತ ಇವತ್ತಿಗೂ ಹೇಳುತ್ತಿದ್ದಾರೆ. ನಾವು ಲಂಡನ್‌ನಲ್ಲಿ ಇಲ್ಲ ಅಂತ ಅವರಿಗೆ ಹೇಳಿ ಹೇಳಿ ಸಾಕಾಗಿದೆ.

ನಾವಿರುವುದು ಹೆರಿಫೋರ್ಡ್‌ಶೈರ್‌ನ ಒಂದು ಹಳ್ಳಿ. ಗ್ಯಾಸ್ ಪೈಪ್ ಇಲ್ಲ. ಹಿತ್ತಲಲ್ಲಿ ಎಣ್ಣೆ ಟ್ಯಾಂಕ್ ಇದೆ, ವರ್ಷಕ್ಕೆ ಸುಮಾರು 1,900 ಲೀಟರ್ ಬೇಕು. ಮೊನ್ನೆ ತರಿಸಿದ್ದು ಲೀಟರ್‌ಗೆ 63 ಪೆನ್ಸ್. 70ರ ದಶಕದ ಮನೆ, ನಾಲ್ಕು ಬೆಡ್‌ರೂಮ್. ಬಾಯ್ಲರ್‌ಗೆ 22 ವರ್ಷ. ರಿಪೇರಿಯವನು ಏನೋ ಬಡಿದು ಓಡಿಸಿ ಹೋಗಿದ್ದಾನೆ. ಚಳಿಗಾಲ ದಾಟುತ್ತಾ ಅಂತ ಕೇಳಿದ್ದಕ್ಕೆ ಉತ್ತರ ಕೊಡದೆ ವ್ಯಾನ್ ಹತ್ತಿದ.

ಹೀಟ್ ಪಂಪ್‌ಗೆ (ಹೊರಗಿನ ಗಾಳಿಯ ಬಿಸಿಯನ್ನ ಮನೆಗೆ ತರುವ ಕರೆಂಟ್ ಯಂತ್ರ) ಮೂರು ಕಡೆಯಿಂದ ಕೋಟ್, ಅಂದರೆ ಖರ್ಚಿನ ಅಂದಾಜು, ತರಿಸಿದ್ದೇನೆ. ಎಲ್ಲವೂ ಸಹಾಯಧನ ಕಳೆಯುವ ಮೊದಲಿನ ಲೆಕ್ಕ:
ಒಬ್ಬರು 19,000 ಪೌಂಡ್, 12 ಕಿಲೋವ್ಯಾಟ್ ಪಂಪ್.
ಇನ್ನೊಬ್ಬರು 14,200, 7 ಕಿಲೋವ್ಯಾಟ್, ಆರು ರೇಡಿಯೇಟರ್ (ಬಿಸಿನೀರು ಹರಿದು ಕೋಣೆ ಬೆಚ್ಚಗಾಗಿಸುವ ಫಲಕ) ಬದಲಾಯಿಸಬೇಕಂತೆ.
ಮೂರನೆಯವರು 11,900, ಇದೂ 12 ಕಿಲೋವ್ಯಾಟ್, ರೇಡಿಯೇಟರ್ ಮುಟ್ಟುವುದೇ ಬೇಡವಂತೆ.

ನಮ್ಮ ಯಜಮಾನರು "ಸುಮ್ನೆ ಇನ್ನೊಂದು ಎಣ್ಣೆ ಬಾಯ್ಲರ್ ಹಾಕಿಸು, 4,000ದಲ್ಲಿ ಮುಗಿಯುತ್ತೆ" ಅನ್ನುತ್ತಾರೆ. ನನಗೆ ಆ ವಾಸನೆ, ಆ ಟ್ಯಾಂಕ್ ಎರಡೂ ಸಾಕಾಗಿವೆ. ಯಾರಾದರೂ ಅನುಭವ ಹೇಳಿ.

ಮಂಡ್ಯದ_ಹೈದ
ಸೀಮೆಎಣ್ಣೆನಾ? ಇಂಗ್ಲೆಂಡ್‌ನಲ್ಲಿ? ಕ್ಯೂ ನಿಲ್ಲಬೇಕಾ ಅಕ್ಕ, ಕಾರ್ಡ್ ಇದೆಯಾ?

ಸಾಗರದ_ಸುಮ
ನಗಬೇಡಪ್ಪ. ಇಲ್ಲಿ "ಹೀಟಿಂಗ್ ಆಯಿಲ್" ಅಂತ ದೊಡ್ಡ ಹೆಸರು, ಬಿಲ್‌ನಲ್ಲಿ ನೋಡಿದರೆ "ಕೆರೋಸಿನ್" ಅಂತಲೇ ಇದೆ. ಚಿಕ್ಕವಳಿದ್ದಾಗ ಐದು ಲೀಟರ್ ಕ್ಯಾನ್ ಹಿಡಿದು ಸೊಸೈಟಿ ಮುಂದೆ ನಿಂತಿದ್ದೆ. ಈಗ ಲಾರಿಯಲ್ಲಿ ಮನೆ ಬಾಗಿಲಿಗೇ ಬರುತ್ತೆ, ಆದರೆ 500 ಲೀಟರ್‌ಗಿಂತ ಕಡಿಮೆ ಕೊಡಲ್ಲ.

ನಾರ್ಫೋಕ್_ನಾಣಿ
ಸುಮಾ ಅವರೇ, ನಾವು ಹಾಕಿಸಿ ಎರಡು ಚಳಿಗಾಲ ಆಯಿತು. ನಮ್ಮದೂ ಎಣ್ಣೆ ಬಾಯ್ಲರ್ ಮನೆಯೇ ಆಗಿತ್ತು. ಹಣ ಸಿಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಸರ್ಕಾರದ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಅಂತ, 2022ರಲ್ಲಿ ಶುರುವಾದಾಗ ಗಾಳಿಯಿಂದ ಬಿಸಿ ಎಳೆಯುವ ಪಂಪ್‌ಗೆ 5,000 ಇತ್ತು. 2023ರ ಅಕ್ಟೋಬರ್ 23ರಿಂದ 7,500 ಮಾಡಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ.

ಒಂದೇ ಮಾತು: ಹಣ ನಿಮ್ಮ ಅಕೌಂಟ್‌ಗೆ ಬರುವುದಿಲ್ಲ. ಇನ್‌ಸ್ಟಾಲರ್ ಅರ್ಜಿ ಹಾಕುತ್ತಾನೆ, ನಿಮ್ಮ ಬಿಲ್‌ನಲ್ಲಿ 7,500 ಕಳೆದು ತೋರಿಸುತ್ತಾನೆ. ನೀವು ಉಳಿದದ್ದು ಕೊಡುವುದು. ಈ ಯೋಜನೆ ನಡೆಸುವ ಸರ್ಕಾರಿ ಸಂಸ್ಥೆ ಆಫ್‌ಜೆಮ್‌ನಿಂದ ನಿಮಗೆ ಒಪ್ಪಿಗೆ ಕೇಳಿ ಒಂದು ಇಮೇಲ್ ಬರುತ್ತದೆ. ನಮ್ಮದು ಸ್ಪ್ಯಾಮ್‌ಗೆ ಹೋಗಿ ಕೂತಿತ್ತು. ಇನ್‌ಸ್ಟಾಲರ್ ಫೋನ್ ಮಾಡಿ "ಯಾಕೆ ಸರ್ ಒಪ್ಪಿಲ್ಲ" ಅಂದಾಗಲೇ ಗೊತ್ತಾಗಿದ್ದು.

ಬೆಲೆ_ಕೇಳುವವ
7,500 ಕೊಡ್ತಾರೆ ಅಂತ ಗೊತ್ತಾದ ತಕ್ಷಣ ಕೋಟ್ ಅಷ್ಟೇ ಏರುತ್ತೆ. ಮದುವೆಗೆ ಅಂತ ಹೇಳಿದರೆ ಹೂವಿನವನು ರೇಟ್ ಏರಿಸ್ತಾನಲ್ಲ, ಹಾಗೆ. ಸಹಾಯಧನ ಸಿಗುವುದು ಮನೆಯವರಿಗಲ್ಲ, ಇನ್‌ಸ್ಟಾಲರ್‌ಗೆ.

ನಾರ್ಫೋಕ್_ನಾಣಿ
ಹಾಗೆ ಮಾಡುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಅದಕ್ಕೇ ಮೂರು ಕೋಟ್ ತಗೋಬೇಕು. ಸುಮಾ ಅವರ ಮೂರರ ಮಧ್ಯೆ 7,100 ವ್ಯತ್ಯಾಸ ಇದೆ ನೋಡಿ.

ಮುದ್ದೇಬಿಹಾಳ_ಮೌಶಿ
ಲಾಫ್ಟ್ ಇನ್ಸುಲೇಶನ್ (ಬಿಸಿ ಸೋರದಂತೆ ಛಾವಣಿಯ ಅಡಿಗೆ ಹೊದಿಕೆ) ಮಾಡಿಸದೇ ಇದ್ದರೆ ಈ ಹಣ ಕೊಡಲ್ಲ. ನಮ್ಮ ಪಕ್ಕದ ಮನೆಯವರಿಗೆ ಅದೇ ಕಾರಣಕ್ಕೆ ಆಗಲಿಲ್ಲ. ಮೊದಲು ಅದನ್ನ ಮಾಡಿಸಿಕೊಳ್ಳಿ.

ಹುಬ್ಬಳ್ಳಿ_ಇಂಜಿನಿಯರ್
ಮೌಶಿ, ಅದು ಹಳೇ ರೂಲ್. ಇಪಿಸಿ ಪತ್ರದಲ್ಲಿ (ಮನೆ ಎಷ್ಟು ಶಕ್ತಿ ತಿನ್ನುತ್ತೆ ಅಂತ ಹೇಳುವ ಪತ್ರ) ಲಾಫ್ಟ್ ಅಥವಾ ಕ್ಯಾವಿಟಿ ಗೋಡೆಯ (ನಡುವೆ ಟೊಳ್ಳಿರುವ ಗೋಡೆ) ಕೆಲಸ ಬಾಕಿ ಅಂತ ಬರೆದಿದ್ದರೆ ಮೊದಲು ಅದನ್ನ ಮುಗಿಸಬೇಕಿತ್ತು. 2024ರ ಮೇ ತಿಂಗಳಲ್ಲಿ ಆ ಷರತ್ತು ತೆಗೆದರು. ಆಮೇಲೆ ಹತ್ತು ವರ್ಷದೊಳಗಿನ ಇಪಿಸಿ ಇದ್ದರೆ ಸಾಕು ಅಂತಾಯಿತು. ಇನ್‌ಸ್ಟಾಲರ್‌ಗೆ ಎಂಸಿಎಸ್ ಅನ್ನುವ ಗುಣಮಟ್ಟದ ಸರ್ಟಿಫಿಕೇಟ್ ಇರಬೇಕು. ಆದಾಯ ಎಷ್ಟು ಅಂತ ಯಾರೂ ಕೇಳಲ್ಲ. ಮನೆ ಬಾಡಿಗೆಗೆ ಕೊಟ್ಟವರೂ ಹಾಕಬಹುದು.

ಷರತ್ತು ಇಲ್ಲ ಅಂದ ಮಾತ್ರಕ್ಕೆ ಇನ್ಸುಲೇಶನ್ ಬೇಡ ಅಂತ ಅಲ್ಲ ಮತ್ತೆ. ತೂತಿನ ಕೊಡಕ್ಕೆ ಯಾವ ಪಂಪ್ ಹಾಕಿದರೂ ಅಷ್ಟೇ. ನಾನು ಲೀಡ್ಸ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ, ಡಿಸೈನ್ ಕಡೆ. ರಾತ್ರಿ ಕೂತು ಸುಮಾ ಅವರ ಲೆಕ್ಕ ಹಾಕಿ ಕೊಡುತ್ತೇನೆ. ಈಗ ಸೈಟ್‌ನಲ್ಲಿದ್ದೇನೆ.

ಜಯನಗರ_4ನೇಬ್ಲಾಕ್
ಚಳಿ ಆಗುತ್ತೆ ಅಂತ ಸರ್ಕಾರ ಎಂಟು ಲಕ್ಷ ರೂಪಾಯಿ ಕೊಡುತ್ತಾ?! ನಮಗೆ ಇಲ್ಲಿ ಸೋಲಾರ್ ವಾಟರ್ ಹೀಟರ್ ಹಾಕಿಸಿದ್ದಕ್ಕೆ ಕರೆಂಟ್ ಬಿಲ್‌ನಲ್ಲಿ ತಿಂಗಳಿಗೆ 50 ರೂಪಾಯಿ ಬಿಡ್ತಿದ್ರು, ಅಷ್ಟಕ್ಕೇ ನಮ್ಮಪ್ಪ ಊರೆಲ್ಲ ಹೇಳಿಕೊಂಡು ಓಡಾಡ್ತಿದ್ದರು.

ತುಂಗಾತೀರ
ಈಗ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್ ಸೋಲಾರ್‌ಗೆ 78,000 ರೂಪಾಯಿ ಕೊಡ್ತಾರಲ್ಲ ಸ್ವಾಮಿ, ಅದನ್ನೂ ಹೇಳಿ.

ಜಯನಗರ_4ನೇಬ್ಲಾಕ್
ಅಪಾರ್ಟ್‌ಮೆಂಟ್‌ನಲ್ಲಿ ತಾರಸಿ ಯಾರದ್ದು ಅಂತ ಜಗಳವೇ ಮುಗಿದಿಲ್ಲ, ಸೋಲಾರ್ ಎಲ್ಲಿಂದ.

ಬೆಲ್‌ಫಾಸ್ಟ್_ಭಟ್ಟ
ನಮ್ಮ ಉತ್ತರ ಐರ್ಲೆಂಡ್‌ಗೆ ಈ 7,500 ಇಲ್ಲ. ತಮಾಷೆ ಏನು ಗೊತ್ತಾ? ಇಲ್ಲಿ ಮೂರರಲ್ಲಿ ಎರಡು ಮನೆ ಎಣ್ಣೆಯಲ್ಲೇ ಬೆಚ್ಚಗಾಗುವುದು. ಎಲ್ಲಿ ಹೆಚ್ಚು ಬೇಕೋ ಅಲ್ಲೇ ಇಲ್ಲ.

ಸಹಾಯಧನ ಅಂದರೆ ಇಲ್ಲಿನ ರಾಜಕಾರಣಿಗಳಿಗೆ ಈಗಲೂ ಕೈ ನಡುಗುತ್ತೆ. 2012ರಲ್ಲಿ ಆರ್‌ಎಚ್‌ಐ ಅಂತ ಒಂದು ಯೋಜನೆ ತಂದರು. ಕಟ್ಟಿಗೆ ಉಂಡೆ ಉರಿಸುವ ಬಾಯ್ಲರ್ ಹಾಕಿದ ವ್ಯಾಪಾರಿಗಳಿಗೆ, ಎಷ್ಟು ಬಿಸಿ ಮಾಡಿದರೋ ಅಷ್ಟು ಯೂನಿಟ್‌ಗೆ ದುಡ್ಡು. ಎಡವಟ್ಟು ಎಲ್ಲಿ ಆಯಿತು ಅಂದರೆ, ಕಟ್ಟಿಗೆಗೆ ಆಗುವ ಖರ್ಚಿಗಿಂತ ಸರ್ಕಾರ ಕೊಡುವ ದುಡ್ಡೇ ಜಾಸ್ತಿ, ಮೇಲೆ ಮಿತಿಯೂ ಇಲ್ಲ. ಜಾಸ್ತಿ ಉರಿಸಿದಷ್ಟೂ ಲಾಭ! ಖಾಲಿ ಶೆಡ್‌ಗಳನ್ನೂ ಬಿಸಿ ಮಾಡುತ್ತಿದ್ದಾರೆ ಅಂತ ದೂರು ಬಂತು. "ಬೂದಿಗೆ ಕಾಸು" ಅಂತ ಪತ್ರಿಕೆಯವರು ಹೆಸರಿಟ್ಟರು. 2016ರಲ್ಲಿ ಹೊಸ ಅರ್ಜಿ ನಿಲ್ಲಿಸಿದರು, 2017ರ ಜನವರಿಯಲ್ಲಿ ಆ ಗಲಾಟೆಯಲ್ಲೇ ಉಪ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟು ಸರ್ಕಾರವೇ ಬಿತ್ತು. ಮೂರು ವರ್ಷ ಸರ್ಕಾರ ಇರಲಿಲ್ಲ ನಮಗೆ.

ಮಂಡ್ಯದ_ಹೈದ
ಬೋರ್‌ವೆಲ್ ಕೊರೆಯದೇ ಬಿಲ್ ಮಾಡಿದ ಕಥೆ ಕೇಳಿದ್ದೆ. ಇದು ಅದಕ್ಕಿಂತ ಪ್ರಾಮಾಣಿಕ, ಬಿಸಿಯಂತೂ ಮಾಡಿದ್ದಾರೆ.

ಬೆಲೆ_ಕೇಳುವವ
ನೋಡಿ, ನಾನು ಹೇಳಿದ್ದು ಇದೇ.

ನಾರ್ಫೋಕ್_ನಾಣಿ
ಅದು ಉರಿಸಿದಷ್ಟಕ್ಕೂ ಕೊಟ್ಟಿದ್ದು, ಇದು ಒಂದೇ ಸಲ ಯಂತ್ರಕ್ಕೆ ಕೊಡುವುದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ರಾಯರೇ. ಹೀಟ್ ಪಂಪ್ ಜಾಸ್ತಿ ಓಡಿಸಿದರೆ ನನ್ನ ಜೇಬೇ ಖಾಲಿ.

ಹುಬ್ಬಳ್ಳಿ_ಇಂಜಿನಿಯರ್
ಊಟ ಆಯಿತು. ಈಗ ಲೆಕ್ಕ.

ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 10.3 ಯೂನಿಟ್ ಶಕ್ತಿ. 1,900 ಲೀಟರ್ ಅಂದರೆ 19,570 ಯೂನಿಟ್. 22 ವರ್ಷದ ಮುದಿ ಬಾಯ್ಲರ್, ನೂರಕ್ಕೆ ಎಂಬತ್ತು ಕೊಡುತ್ತೆ ಅಂದುಕೊಳ್ಳೋಣ. ಉಳಿದದ್ದು ಹೊಗೆ ಕೊಳವೆಯಲ್ಲಿ ಹೋಗುತ್ತೆ. ಅಂದರೆ ಮನೆಗೂ ಬಚ್ಚಲಿಗೂ ಸೇರಿ ವರ್ಷಕ್ಕೆ ಬೇಕಾಗುವ ಬಿಸಿ ಸುಮಾರು 15,650 ಯೂನಿಟ್.

ಹೀಟ್ ಪಂಪ್ ಬಿಸಿಯನ್ನ ಹುಟ್ಟಿಸಲ್ಲ, ಹೊರಗಿನಿಂದ ಹೊತ್ತು ತರುತ್ತೆ. ಫ್ರಿಜ್ ಹಿಂದೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತೆ ಅಲ್ವಾ? ಒಳಗಿನ ತರಕಾರಿಯಿಂದ ಎಳೆದ ಬಿಸಿ ಅದು. ಇಲ್ಲಿ ಹೊರಗಿನ ಗಾಳಿಯೇ ತರಕಾರಿ. ಒಂದು ಯೂನಿಟ್ ಕರೆಂಟ್ ಕೊಟ್ಟರೆ ವರ್ಷದ ಸರಾಸರಿಯಲ್ಲಿ ಮೂರು ಮೂರೂವರೆ ಯೂನಿಟ್ ಬಿಸಿ ಹೊತ್ತು ತರುತ್ತೆ. ಆ ಅಂಕಿಯೇ ಇಡೀ ಆಟ.

3.3 ಬಂದರೆ: 4,740 ಯೂನಿಟ್ ಕರೆಂಟ್. ಯೂನಿಟ್‌ಗೆ 26 ಪೆನ್ಸ್ ದರದಲ್ಲಿ ವರ್ಷಕ್ಕೆ 1,233 ಪೌಂಡ್.
3.8 ಬಂದರೆ: 1,071 ಪೌಂಡ್.
ಕೆಟ್ಟದಾಗಿ ಹಾಕಿ 2.5 ಬಂದರೆ: 1,628 ಪೌಂಡ್.
ಈಗಿನ ಎಣ್ಣೆ ಖರ್ಚು: 1,197 ಪೌಂಡ್.

ಅಂದರೆ ಸುಮಾ ಅವರೇ, ದೊಡ್ಡ ಉಳಿತಾಯ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಣ್ಣೆ 63 ಪೆನ್ಸ್ ಇದ್ದಾಗ ಹೆಚ್ಚೂಕಡಿಮೆ ಸಮ.

ಇನ್ನು ಆ 12 ಕಿಲೋವ್ಯಾಟ್. ನಾವು ಬಳಸುವ ಒಂದು ಒರಟು ಲೆಕ್ಕ ಇದೆ: ವರ್ಷದ ಬಿಸಿಯನ್ನ 2,900ರಿಂದ ಭಾಗಿಸಿ. ನಿಮಗೆ 5.4 ಬರುತ್ತೆ. ಅತಿ ಚಳಿಯ ದಿನಕ್ಕೂ ನಿಮ್ಮ ಮನೆಗೆ ಆರು ಏಳು ಕಿಲೋವ್ಯಾಟ್ ಸಾಕು. ಹಾಗಾದರೆ 12 ಯಾಕೆ? ಆ ಇಬ್ಬರು ರೂಮ್ ರೂಮ್ ಅಳತೆ ಮಾಡಿದ್ದಾರಾ? ಟೇಪ್ ಹಿಡಿದಿದ್ದಾರಾ?

ಸಾಗರದ_ಸುಮ
19,000ದವರು ಹದಿನೈದು ನಿಮಿಷ ಇದ್ದರು, ಚಹಾ ಕುಡಿದರು, ಬಾಯ್ಲರ್ ಫೋಟೋ ತೆಗೆದರು. 11,900ದವರು ಬರಲೇ ಇಲ್ಲ, ವಿಡಿಯೋ ಕಾಲ್. 14,200ದ ಹುಡುಗಿ ಮಾತ್ರ ಮೂರು ಗಂಟೆ ಇದ್ದಳು. ಕಿಟಕಿ, ಗೋಡೆ, ಲಾಫ್ಟ್ ಎಲ್ಲ ಅಳೆದಳು. ಅತ್ತೆ ಮಲಗಿದ್ದ ಕೋಣೆಗೂ ಹೋಗಿ ರೇಡಿಯೇಟರ್ ಅಳೆದು ಬಂದಳು. ಅತ್ತೆ "ಯಾರೇ ಅವಳು, ಸೊಸೈಟಿ ಸರ್ವೇನಾ" ಅಂದರು.

ಹುಬ್ಬಳ್ಳಿ_ಇಂಜಿನಿಯರ್
ಉತ್ತರ ಸಿಕ್ತಲ್ಲ ಮತ್ತೆ. ದೊಡ್ಡ ಪಂಪ್ ಹಾಕಿದರೆ ಒಳ್ಳೆಯದು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಚಳಿ ಕಡಿಮೆ ಇರುವ ದಿನಗಳಲ್ಲಿ ಅದು ಆನ್ ಆಫ್ ಆನ್ ಆಫ್ ಆಗಿ ಕರೆಂಟ್ ತಿನ್ನುತ್ತೆ. ಸಿಟಿಯ ಟ್ರಾಫಿಕ್‌ನಲ್ಲಿ ಲಾರಿ ಓಡಿಸಿದ ಹಾಗೆ.

ರೇಡಿಯೇಟರ್ ಮುಟ್ಟಬೇಡಿ ಅನ್ನುವವರ ಹತ್ತಿರವೂ ಹುಷಾರು. ಎಣ್ಣೆ ಬಾಯ್ಲರ್ 70 ಡಿಗ್ರಿ ನೀರು ಕಳಿಸುತ್ತೆ, ಸಣ್ಣ ರೇಡಿಯೇಟರ್ ಸಾಕು. ಹೀಟ್ ಪಂಪ್‌ನಿಂದ 45 ಡಿಗ್ರಿ ನೀರು ಕಳಿಸಿದರೆ ಕಡಿಮೆ ಕರೆಂಟ್, ಆದರೆ ರೇಡಿಯೇಟರ್ ದೊಡ್ಡದಿರಬೇಕು. ಹಳೆಯದನ್ನೇ ಇಟ್ಟು 60 ಡಿಗ್ರಿ ಕಳಿಸಿದರೆ ಆ 2.5ರ ಕಥೆ ಆಗುತ್ತೆ. ಇವತ್ತು ಉಳಿಸಿದ 2,300 ಪೌಂಡ್ ಬಿಲ್ಲಿನಲ್ಲಿ ಹೋಗುತ್ತೆ.

ಬೆಲೆ_ಕೇಳುವವ
ನೀವೇ ಹೇಳಿದಿರಿ ಸಮ ಅಂತ. ಹಾಗಿದ್ದರೆ 14,200ರಲ್ಲಿ 7,500 ಕಳೆದು 6,700 ಪೌಂಡ್ ಯಾಕೆ ಕೊಡಬೇಕು? 4,000ಕ್ಕೆ ಎಣ್ಣೆ ಬಾಯ್ಲರ್ ಬರುತ್ತೆ. 2,700 ಉಳಿಯಿತು. ನಾಲ್ಕು ಜನಕ್ಕೆ ಊರಿನ ಟಿಕೆಟ್.

ನಾರ್ಫೋಕ್_ನಾಣಿ
2022ರ ಮಾರ್ಚ್ ಮರೆತಿರಾ? ಉಕ್ರೇನ್ ಯುದ್ಧ ಶುರುವಾದಾಗ ಎಣ್ಣೆ ಲೀಟರ್‌ಗೆ ಒಂದು ಪೌಂಡ್ ದಾಟಿತ್ತು. ಗ್ಯಾಸಿಗೆ ಕರೆಂಟಿಗೆ ಬೆಲೆಯ ಮಿತಿ ಅಂತ ಒಂದಿದೆ, ಎಣ್ಣೆಗೆ ಅದೂ ಇಲ್ಲ. ನಾನು ದಿನಾ ಬೆಳಿಗ್ಗೆ ಎದ್ದು ಷೇರು ನೋಡುವವರ ಹಾಗೆ ಎಣ್ಣೆ ರೇಟ್ ನೋಡುತ್ತಿದ್ದೆ. ಹಳ್ಳಿಯವರೆಲ್ಲ ಸೇರಿ ಒಟ್ಟಿಗೆ ಆರ್ಡರ್ ಮಾಡಿದೆವು. ಒಂದು ರಾತ್ರಿ ಪಕ್ಕದ ಬೀದಿಯಲ್ಲಿ ಟ್ಯಾಂಕಿಗೆ ಪೈಪ್ ಹಾಕಿ ಕದ್ದುಕೊಂಡು ಹೋದರು.

ಇನ್ನೊಂದು. ನಿಮ್ಮ ಟ್ಯಾಂಕಿನ ವಯಸ್ಸು ಎಷ್ಟು ಸುಮಾ ಅವರೇ? ಒಂದೇ ಪದರದ ಪ್ಲಾಸ್ಟಿಕ್ ಟ್ಯಾಂಕ್ ಆದರೆ ಅದನ್ನೂ ಬದಲಾಯಿಸಬೇಕಾಗಬಹುದು. ಯಜಮಾನರ 4,000 ಲೆಕ್ಕದಲ್ಲಿ ಅದು ಸೇರಿದೆಯಾ ಕೇಳಿ.

ಸಾಗರದ_ಸುಮ
ಕೇಳಿದೆ. ಸೇರಿಲ್ಲವಂತೆ. ಟ್ಯಾಂಕಿನ ಒಂದು ಮೂಲೆ ಬಿಳಿಚಿಕೊಂಡು ಉಬ್ಬಿದೆ ಅಂತಲೂ ಈಗ ಹೋಗಿ ನೋಡಿ ಬಂದರು. ಸದ್ಯಕ್ಕೆ ಮೌನವಾಗಿದ್ದಾರೆ 😄

ಮುದ್ದೇಬಿಹಾಳ_ಮೌಶಿ
20 ಪರ್ಸೆಂಟ್ ವ್ಯಾಟ್ ಬೇರೆ ಕೊಡಬೇಕಲ್ಲ ಪಂಪಿಗೆ?

ನಾರ್ಫೋಕ್_ನಾಣಿ
ಇಲ್ಲ ಮೌಶಿ, ಹೀಟ್ ಪಂಪ್ ಹಾಕಿಸುವುದಕ್ಕೆ 2027ರ ಮಾರ್ಚ್ 31ರ ತನಕ ವ್ಯಾಟ್ ಸೊನ್ನೆ. ಎಣ್ಣೆ ಬಾಯ್ಲರ್‌ಗೆ 20 ಇದೆ.

ಮುದ್ದೇಬಿಹಾಳ_ಮೌಶಿ
ನನಗೆ ಗೊತ್ತಿರುವುದೆಲ್ಲ ಹಳೇದೇ ಆಯಿತು ಇವತ್ತು 😄

ಅಬರ್ಡೀನ್_ಗೌಡ
ನಾನು ಕೆಲಸ ಮಾಡುವುದು ಉತ್ತರ ಸಮುದ್ರದ ಎಣ್ಣೆ ಕಂಪನಿಯಲ್ಲಿ. ಮನೆಯಲ್ಲಿ ಹೀಟ್ ಪಂಪ್. ಆಫೀಸಿನಲ್ಲಿ ಯಾರಿಗೂ ಹೇಳಬೇಡಿ.

ಸ್ಕಾಟ್ಲೆಂಡ್‌ನವರು ಯಾರಾದರೂ ಓದುತ್ತಿದ್ದರೆ: ನಮ್ಮ ಲೆಕ್ಕ ಬೇರೆ. ಹೋಮ್ ಎನರ್ಜಿ ಸ್ಕಾಟ್ಲೆಂಡ್ ಮೂಲಕ 7,500 ಸಹಾಯಧನ, ಹಳ್ಳಿಗಾಡಿನಲ್ಲಿದ್ದರೆ ಇನ್ನೂ 1,500 ಸೇರಿ 9,000. ಅದರ ಮೇಲೆ ಬೇಕಾದರೆ 7,500ರ ತನಕ ಬಡ್ಡಿಯಿಲ್ಲದ ಸಾಲ. ಆದರೆ ಇಲ್ಲಿ ಅರ್ಜಿ ನೀವೇ ಹಾಕಬೇಕು, ಮಂಜೂರಿ ಪತ್ರ ಕೈಗೆ ಬರುವ ಮೊದಲು ಕೆಲಸ ಶುರು ಮಾಡಿದರೆ ಒಂದು ಪೆನ್ನಿಯೂ ಸಿಗಲ್ಲ. ನನ್ನ ಸ್ನೇಹಿತರೊಬ್ಬರು ಆತುರ ಮಾಡಿ ಕಳೆದುಕೊಂಡರು.

ಮಂಡ್ಯದ_ಹೈದ
ಗೌಡ್ರೇ, ಅಬರ್ಡೀನ್ ಚಳಿಗೆ ಆ ಪಂಪ್ ತಡೆಯುತ್ತಾ? ಮೈನಸ್ ಐದರಲ್ಲಿ ಗಾಳಿಯಲ್ಲಿ ಬಿಸಿ ಎಲ್ಲಿಂದ ಬರಬೇಕು?

ಅಬರ್ಡೀನ್_ಗೌಡ
ನಾರ್ವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಇದೇ ಇರುವುದು. 2020ರಿಂದ ಅಲ್ಲಿ ಮನೆ ಬಿಸಿ ಮಾಡಲು ಖನಿಜ ಎಣ್ಣೆ ಉರಿಸುವುದನ್ನೇ ನಿಷೇಧಿಸಿದ್ದಾರೆ. ಅವರಿಗಿಂತ ನಮಗೆ ಚಳಿ ಜಾಸ್ತಿನಾ?

ನಿಜ ಹೇಳಬೇಕೆಂದರೆ ಮೈನಸ್‌ಗಿಂತ ಕಷ್ಟ ಸೊನ್ನೆಯಿಂದ ಮೂರು ಡಿಗ್ರಿ, ಜೊತೆಗೆ ಮಂಜು. ಹೊರಗಿನ ಯಂತ್ರಕ್ಕೆ ಹಿಮ ಕಟ್ಟುತ್ತೆ. ಆಗಾಗ ನಿಂತು ತಾನೇ ಕರಗಿಸಿಕೊಳ್ಳುತ್ತೆ, ಭುಸ್ ಅಂತ ಹಬೆ ಬರುತ್ತೆ. ಮೊದಲ ಸಲ ನನ್ನ ಹೆಂಡತಿ ಬೆಂಕಿ ಬಿತ್ತು ಅಂತ ಕೂಗಿಕೊಂಡಳು.

ನಾರ್ಫೋಕ್_ನಾಣಿ
ಇದನ್ನ ಹೊಸ ಯಂತ್ರ ಅಂತ ಜನ ಹೆದರುತ್ತಾರೆ. ನಮ್ಮ ನಾರ್ವಿಚ್‌ನಲ್ಲಿ 1945ರಲ್ಲೇ ಜಾನ್ ಸಮ್ನರ್ ಅನ್ನುವ ಇಂಜಿನಿಯರ್ ವೆನ್ಸಮ್ ಹೊಳೆಯ ನೀರಿನಿಂದ ಬಿಸಿ ಎಳೆದು ನಗರದ ವಿದ್ಯುತ್ ಇಲಾಖೆಯ ಕಟ್ಟಡ ಬೆಚ್ಚಗಿಟ್ಟಿದ್ದರು. ಯುದ್ಧದ ಕಾಲ, ಹೊಸ ಸಾಮಾನು ಸಿಗದೆ ಹಳೆಯ ಬಿಡಿಭಾಗ ಜೋಡಿಸಿ ಮಾಡಿದ್ದು. ವಾಕಿಂಗ್ ಹೋಗುವಾಗ ಆ ಹೊಳೆ ನೋಡಿದಾಗಲೆಲ್ಲ ನೆನಪಾಗುತ್ತೆ.

ಕಿಲ್ಡೇರ್_ಅಕ್ಕ
ಐರ್ಲೆಂಡ್‌ನಿಂದ. ನಮ್ಮಲ್ಲಿ ಎಸ್‌ಇಎಐ ಅನ್ನುವ ಸರ್ಕಾರಿ ಸಂಸ್ಥೆ ಕೊಡುತ್ತದೆ, 2025ರಲ್ಲಿ ಮನೆಗೆ 6,500 ಯೂರೋ ಇತ್ತು. 2007ಕ್ಕಿಂತ ಮೊದಲು ಕಟ್ಟಿದ ಮನೆ ಆಗಿರಬೇಕು. ಇಂಗ್ಲೆಂಡ್‌ನವರು ಷರತ್ತು ತೆಗೆದರು ಅಂದಿರಲ್ಲ, ಇಲ್ಲಿ ತೆಗೆದಿಲ್ಲ. ಟೆಕ್ನಿಕಲ್ ಅಡ್ವೈಸರ್ ಬಂದು ಮನೆಯಿಂದ ಎಷ್ಟು ಬಿಸಿ ಸೋರುತ್ತೆ ಅಂತ ಅಂಕಿ ಕೊಡುತ್ತಾರೆ. ಅದು 2ರ ಒಳಗೆ ಬರಬೇಕು. ನಮ್ಮದು 2.7 ಬಂತು. ಕಿಟಕಿ, ಲಾಫ್ಟ್, ಗೋಡೆ ಮಾಡಿಸುವಷ್ಟರಲ್ಲಿ ಪಂಪಿಗಿಂತ ಜಾಸ್ತಿ ಖರ್ಚಾಯಿತು. ಆಗ ಬೈದುಕೊಂಡೆ. ಈಗ ಮನೆ ಎಷ್ಟು ಬೆಚ್ಚಗಿದೆ ಅಂದರೆ ಪಂಪ್ ಓಡುತ್ತಿದೆಯೋ ಇಲ್ಲವೋ ಹೋಗಿ ನೋಡಬೇಕು.

ಸ್ಟುಟ್‌ಗಾರ್ಟ್_ಸೀನ
ನೀವೆಲ್ಲ ಬಡವರು 😎 ಜರ್ಮನಿಯಲ್ಲಿ ಕೆಎಫ್‌ಡಬ್ಲ್ಯೂ ಬ್ಯಾಂಕ್ 30 ಪರ್ಸೆಂಟ್ ಎಲ್ಲರಿಗೂ ಕೊಡುತ್ತೆ. ಸ್ವಂತ ಮನೆಯಲ್ಲಿದ್ದು ಹಳೇ ಎಣ್ಣೆ ಬಾಯ್ಲರ್ ತೆಗೆದರೆ ಇನ್ನೂ 20. ಮನೆಯ ತೆರಿಗೆ ಆದಾಯ ವರ್ಷಕ್ಕೆ 40,000 ಯೂರೋ ಒಳಗಿದ್ದರೆ ಮತ್ತೆ 30. ಎಲ್ಲ ಸೇರಿಸಿ 70ಕ್ಕೆ ನಿಲ್ಲಿಸುತ್ತಾರೆ. 30,000 ಯೂರೋ ಖರ್ಚಿನ ತನಕ ಲೆಕ್ಕ, ಅಂದರೆ ಗರಿಷ್ಠ 21,000.

ಬೆಲೆ_ಕೇಳುವವ
ಮತ್ತೆ ಅಲ್ಲಿ ಕೋಟ್ ಎಷ್ಟು ಬರುತ್ತೆ ಸೀನಪ್ಪ?

ಸ್ಟುಟ್‌ಗಾರ್ಟ್_ಸೀನ
...ನನಗೆ 34,000 ಬಂತು.

ಬೆಲೆ_ಕೇಳುವವ
ಹೂವಿನವನು.

ಬಾಸ್ಟನ್_ಬಸು
ಮ್ಯಾಸಚೂಸೆಟ್ಸ್‌ನಲ್ಲೂ ಹಳೇ ಮನೆಗಳೆಲ್ಲ ಎಣ್ಣೆಯೇ. ನೆಲಮಾಳಿಗೆಯಲ್ಲಿ ಟ್ಯಾಂಕ್, ಮನೆಯೆಲ್ಲ ವಾಸನೆ. ಮಾಸ್ ಸೇವ್ ಅನ್ನುವ ಯೋಜನೆಯಿಂದ ಇಡೀ ಮನೆಗೆ ಹಾಕಿದರೆ 2025ರಲ್ಲಿ 10,000 ಡಾಲರ್ ತನಕ ರಿಬೇಟ್ ಇತ್ತು. ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ, ಖರ್ಚಿನ 30 ಪರ್ಸೆಂಟ್, 2,000 ಡಾಲರ್ ಮೀರದಂತೆ, 2025ರ ಡಿಸೆಂಬರ್ 31ಕ್ಕೆ ಮುಗಿಯಿತು. 2025ರ ಜುಲೈನಲ್ಲಿ ಪಾಸಾದ ಕಾನೂನಿನಲ್ಲಿ ಅದನ್ನ ಕತ್ತರಿಸಿದರು. ಹಾಗಾಗಿ ಅದು ಮುಗಿಯುವ ಮೊದಲು ಇಲ್ಲಿ ಇನ್‌ಸ್ಟಾಲರ್‌ಗಳು ಫೋನ್ ಎತ್ತುತ್ತಿರಲಿಲ್ಲ. ಸುಗ್ಗಿಯಲ್ಲಿ ಆಳು ಸಿಗದ ಹಾಗೆ.

ಮಂಡ್ಯದ_ಹೈದ
ನಾನು ಸ್ಲೌನಲ್ಲಿ ಇದ್ದೇನೆ, ಗ್ಯಾಸ್ ಬಾಯ್ಲರ್. ನನಗೂ 7,500 ಬರುತ್ತಾ? ಬಂದರೆ ಹಾಕಿಸಿಬಿಡಲಾ?

ಹುಬ್ಬಳ್ಳಿ_ಇಂಜಿನಿಯರ್
ಬರುತ್ತೆ. ಆದರೆ ನಿನ್ನ ಲೆಕ್ಕ ಬೇರೆ ಗುರು. ಗ್ಯಾಸ್ ಯೂನಿಟ್‌ಗೆ ಆರು ಪೆನ್ಸ್ ಚಿಲ್ಲರೆ, ಕರೆಂಟ್ ಅದರ ನಾಲ್ಕು ಪಟ್ಟು. ಪಂಪ್ ನಾಲ್ಕರ ಹತ್ತಿರ ಬಂದರೆ ಮಾತ್ರ ನಿನಗೆ ಗಿಟ್ಟುತ್ತೆ. ಗ್ಯಾಸ್ ಸಂಪರ್ಕವನ್ನೇ ಕಡಿಸಿದರೆ ಅದರ ದಿನದ ಬಾಡಿಗೆ ಉಳಿಯುತ್ತೆ, ಅದೊಂದು. ಬಾಯ್ಲರ್ ಚೆನ್ನಾಗಿ ಓಡುತ್ತಿದ್ದರೆ ಸದ್ಯಕ್ಕೆ ನೀರಿನ ತಾಪ ಇಳಿಸಿ ನೋಡು. 50 ಡಿಗ್ರಿಯಲ್ಲಿ ಮನೆ ಬೆಚ್ಚಗಾಗುತ್ತಾ ಅಂತ ಗೊತ್ತಾದರೆ ನಿನ್ನ ರೇಡಿಯೇಟರ್ ಹೀಟ್ ಪಂಪಿಗೆ ಸಾಕಾ ಅಂತಲೂ ಪುಕ್ಕಟೆ ಗೊತ್ತಾಗುತ್ತೆ.

ಸುಮಾ ಅವರೇ, ನೀವೂ ಇದನ್ನೇ ಒಂದು ಚಳಿ ದಿನ ಮಾಡಿ ನೋಡಿ.

ಬೆಲೆ_ಕೇಳುವವ
ಕರೆಂಟ್ ಹೋದರೆ? ಹಳ್ಳಿ ಅಂತೀರಿ. 2024ರ ಡಿಸೆಂಬರ್‌ನಲ್ಲಿ ಡಾರಾ ಬಿರುಗಾಳಿ ಬಂದಾಗ ಆ ಕಡೆ ಎಷ್ಟು ಮನೆ ಕತ್ತಲಲ್ಲಿದ್ದವು ನೆನಪಿದೆಯಾ. ಎಣ್ಣೆ ಆದರೆ ಟ್ಯಾಂಕಿನಲ್ಲಿ ಇರುತ್ತೆ.

ಸಾಗರದ_ಸುಮ
ಸರ್, ಆಗ ನಾವೂ ಕತ್ತಲಲ್ಲೇ ಇದ್ದೆವು. ಟ್ಯಾಂಕ್ ತುಂಬ ಎಣ್ಣೆ ಇತ್ತು, ಮನೆ ತಣ್ಣಗಿತ್ತು. ಬಾಯ್ಲರ್ ಹೊತ್ತಿಸುವುದಕ್ಕೂ ನೀರು ತಿರುಗಿಸುವುದಕ್ಕೂ ಕರೆಂಟೇ ಬೇಕು. ಕಟ್ಟಿಗೆ ಒಲೆ ಇದ್ದ ಕೋಣೆಯಲ್ಲಿ ಎಲ್ಲರೂ ಸಾಲಾಗಿ ಮಲಗಿದೆವು.

ಅಂದ ಹಾಗೆ, ಆ ಕಟ್ಟಿಗೆ ಒಲೆ ಇಟ್ಟುಕೊಳ್ಳಬಹುದಾ? ಎಣ್ಣೆ ಬಾಯ್ಲರನ್ನೂ ಒಂದು ಮೂಲೆಯಲ್ಲಿ ಇಟ್ಟುಕೊಳ್ಳೋಣ ಅಂತ ಯಜಮಾನರು.

ನಾರ್ಫೋಕ್_ನಾಣಿ
ಒಲೆ ಇಟ್ಟುಕೊಳ್ಳಿ, ಅದನ್ನ ಯಾರೂ ಕೇಳಲ್ಲ. ಎಣ್ಣೆ ಬಾಯ್ಲರ್ ಹೋಗಲೇಬೇಕು. ಎರಡೂ ಸೇರಿದ ಹೈಬ್ರಿಡ್‌ಗೆ ಈ ಹಣ ಇಲ್ಲ. ಮನೆಯ ಪೂರ್ತಿ ಬಿಸಿ, ಪೂರ್ತಿ ಬಿಸಿನೀರು ಪಂಪೇ ಕೊಡುವಂತಿರಬೇಕು.

ಪಂಪ್ ಎಲ್ಲಿ ಇಡುತ್ತೀರಿ? ಬೇಲಿಯಿಂದ ಒಂದು ಮೀಟರ್ ದೂರ ಇರಬೇಕು ಅನ್ನುವ ನಿಯಮವನ್ನ ಇಂಗ್ಲೆಂಡ್‌ನಲ್ಲಿ 2025ರ ಮೇ ಕೊನೆಯಲ್ಲಿ ತೆಗೆದರು. ಶಬ್ದದ ನಿಯಮ ಇನ್ನೂ ಇದೆ. ಬೆಡ್‌ರೂಮ್ ಕಿಟಕಿಯ ಕೆಳಗೆ ಮಾತ್ರ ಬೇಡ. ನಾನು ಮಾಡಿದ ತಪ್ಪು ಅದು.

ತುಂಗಾತೀರ
ಅತ್ತೆಯ ಸ್ನಾನದ ವಿಷಯ ಯಾರೂ ಹೇಳಲೇ ಇಲ್ಲವಲ್ಲ. ಮೂಲ ಪ್ರಶ್ನೆ ಅದೇ ಅಲ್ವಾ?

ಸಾಗರದ_ಸುಮ
ಹೌದು! ಆ ಹುಡುಗಿ "250 ಲೀಟರ್ ಸಿಲಿಂಡರ್" ಅಂದಳು. ಅತ್ತೆಗೆ ಹೇಳಿದರೆ "ಅಷ್ಟು ದೊಡ್ಡ ಗ್ಯಾಸ್ ಸಿಲಿಂಡರ್ ಮನೆಯೊಳಗೆ ಇಡ್ತೀಯಾ" ಅಂತ ಗಾಬರಿಯಾದರು.

ಹುಬ್ಬಳ್ಳಿ_ಇಂಜಿನಿಯರ್
ಹಂಡೆ ಅಂತ ಹೇಳಿ, ಅರ್ಥ ಆಗುತ್ತೆ. ಮುಚ್ಚಿದ, ಕಂಬಳಿ ಹೊದಿಸಿದ 250 ಲೀಟರ್ ಹಂಡೆ. 50 ಡಿಗ್ರಿ ನೀರು ಇರುತ್ತೆ. ಮೈಗೆ 40 ಡಿಗ್ರಿ ನೀರೇ ಬಿಸಿ. ಕ್ರಿಮಿ ಬೆಳೆಯದಿರಲಿ ಅಂತ ವಾರಕ್ಕೊಮ್ಮೆ 60ಕ್ಕೆ ಏರಿಸುವ ವ್ಯವಸ್ಥೆ ಇರುತ್ತೆ. ಅತ್ತೆಯವರ ಎಣ್ಣೆ ಸ್ನಾನವನ್ನ ಆ ದಿನಕ್ಕೇ ಇಟ್ಟುಕೊಳ್ಳಿ.

ಒಂದೇ ತೊಡಕು: ಎಲ್ಲರೂ ಒಂದರ ಹಿಂದೆ ಒಂದು ಸ್ನಾನ ಮಾಡಿ ಹಂಡೆ ಖಾಲಿಯಾದರೆ ಮತ್ತೆ ಕಾಯಲು ಒಂದು ಗಂಟೆ, ಕೆಲವೊಮ್ಮೆ ಎರಡು. ಬಚ್ಚಲ ಒಲೆಗೆ ಇನ್ನೊಂದು ಸೋಗೆ ತುರುಕಿದ ಹಾಗೆ ಆಗಲ್ಲ.

ಕಿಲ್ಡೇರ್_ಅಕ್ಕ
ಯಾರೂ ಹೇಳದ ಇನ್ನೊಂದು ಕಷ್ಟ ಹೇಳುತ್ತೇನೆ. ದೋಸೆ ಹಿಟ್ಟು! ಹಳೇ ಬಾಯ್ಲರ್ ಮೇಲೆ ಪಾತ್ರೆ ಇಟ್ಟರೆ ಬೆಳಿಗ್ಗೆಗೆ ಉಬ್ಬಿ ಮುಚ್ಚಳ ಎತ್ತುತ್ತಿತ್ತು. ಹೀಟ್ ಪಂಪ್ ಮನೆಯಲ್ಲಿ ಎಲ್ಲಾ ಕಡೆ 20 ಡಿಗ್ರಿ, ಬೆಚ್ಚನೆಯ ಮೂಲೆ ಅಂತ ಒಂದೂ ಇಲ್ಲ. ಹಂಡೆಗೂ ಅಷ್ಟು ದಪ್ಪ ಕಂಬಳಿ, ಹೊರಗೆ ಬಿಸಿಯೇ ಬರಲ್ಲ.

ಮುದ್ದೇಬಿಹಾಳ_ಮೌಶಿ
ಓವನ್ ಲೈಟ್ ಹಾಕಿ ಒಳಗಿಡಿ. ಇದು ಮಾತ್ರ ಹಳೇದಾಗಲ್ಲ.

ಬಾಸ್ಟನ್_ಬಸು
ಇನ್‌ಸ್ಟಂಟ್ ಪಾಟ್, ಮೊಸರಿನ ಸೆಟ್ಟಿಂಗ್.

ಅಬರ್ಡೀನ್_ಗೌಡ
ಇಲ್ಲಿ ಗಂಭೀರ ಚರ್ಚೆ ನಡೆಯುತ್ತಿತ್ತು. (ನಾವು ವೈಫೈ ರೂಟರ್ ಮೇಲೆ ಇಡುತ್ತೇವೆ.)

ನಾರ್ಫೋಕ್_ನಾಣಿ
ಸುಮಾ ಅವರೇ, ಇದೆಲ್ಲದರ ನಡುವೆ ಕರೆಂಟ್ ದರ ಮರೆಯಬೇಡಿ. ಹೀಟ್ ಪಂಪ್ ಇರುವವರಿಗೆ ಬೇರೆ ದರ ಇದೆ. ನಾನು ಆಕ್ಟೋಪಸ್ ಅನ್ನುವ ಕರೆಂಟ್ ಕಂಪನಿಯ ಕೋಸಿ ದರ ತಗೊಂಡಿದ್ದೇನೆ. ದಿನಕ್ಕೆ ಮೂರು ಸಲ ಅಗ್ಗದ ಹೊತ್ತು, ಸಂಜೆ 4ರಿಂದ 7ರ ತನಕ ದುಬಾರಿ. ಬೆಳಗಿನ ಜಾವ ಮತ್ತು ಮಧ್ಯಾಹ್ನ ಮನೆ, ಹಂಡೆ ಎರಡನ್ನೂ ಬಿಸಿ ಮಾಡಿಕೊಂಡು ಸಂಜೆ ತೂಕಡಿಸಲು ಬಿಡುತ್ತೇನೆ. ನನಗೆ ಸರಾಸರಿ 20 ಪೆನ್ಸ್ ಬೀಳುತ್ತೆ. ಇಂಜಿನಿಯರ್ ಸಾಹೇಬರ 4,740 ಯೂನಿಟ್‌ಗೆ ಇದನ್ನ ಹಾಕಿ ನೋಡಿ, 948 ಪೌಂಡ್.

ಬೆಲೆ_ಕೇಳುವವ
ಈ ದರ ನಾಳೆಯೂ ಇರುತ್ತಾ?

ನಾರ್ಫೋಕ್_ನಾಣಿ
ಎಣ್ಣೆ ದರ ಇರುತ್ತಾ?

ಬೆಲೆ_ಕೇಳುವವ
ಸರಿ. ಇದೊಂದಕ್ಕೆ ಒಪ್ಪಿದೆ.

ಸಾಗರದ_ಸುಮ
ಎರಡು ವಾರದ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಥ್ಯಾಂಕ್ಸ್.

ಬಾಯ್ಲರ್ ನೀರಿನ ತಾಪ 50ಕ್ಕೆ ಇಳಿಸಿ ನೋಡಿದೆವು. ಕೆಳಗಿನ ಕೋಣೆಗಳು ಬೆಚ್ಚಗಾದವು, ಮೇಲಿನ ಎರಡು ಬೆಡ್‌ರೂಮ್ ಆಗಲಿಲ್ಲ. ಆ ಹುಡುಗಿಯ ಪಟ್ಟಿಯಲ್ಲಿ ದೊಡ್ಡದು ಮಾಡಬೇಕು ಅಂತ ಇದ್ದ ಆರರಲ್ಲಿ ನಾಲ್ಕು ರೇಡಿಯೇಟರ್ ಆ ಎರಡು ಕೋಣೆಯವೇ! ಯಜಮಾನರು ಪಟ್ಟಿ ನೋಡಿ, ಕೈಯಿಂದ ರೇಡಿಯೇಟರ್ ಮುಟ್ಟಿ ನೋಡಿ, ಮತ್ತೆ ಪಟ್ಟಿ ನೋಡಿ, "ಅವಳಿಗೇ ಕೊಡು" ಅಂದರು.

19,000ದವರಿಗೆ ಅಳತೆಯ ಲೆಕ್ಕ ಕಳಿಸಿ ಅಂತ ಕೇಳಿದ್ದೆ. ಈತನಕ ಉತ್ತರ ಇಲ್ಲ.

ಅರ್ಜಿ ಹೋಗಿದೆ, ಇಮೇಲ್ ಬಂತು (ನಾಣಿ ಸರ್, ಸ್ಪ್ಯಾಮ್‌ನಲ್ಲೇ ಇತ್ತು!), ಒಪ್ಪಿಗೆ ಕೊಟ್ಟೆ. ಸಹಾಯಧನದ ವೋಚರ್‌ಗೆ ಮೂರು ತಿಂಗಳು ಅವಧಿ, ಜನವರಿ ಎರಡನೇ ವಾರ ಕೆಲಸ. ಅಲ್ಲಿಯ ತನಕ ಮುದುಕಪ್ಪ ಬಾಯ್ಲರ್ ಉಸಿರು ಹಿಡಿದುಕೊಂಡಿರಬೇಕು. ಟ್ಯಾಂಕ್ ತೆಗೆಯಲು ಬೇರೆಯವರು 450 ಕೇಳಿದ್ದಾರೆ.

ಟ್ಯಾಂಕಿನಲ್ಲಿ ಇನ್ನೂ ಎಣ್ಣೆ ಇದೆ. ಜನವರಿಗೆ ಮುನ್ನೂರು ಲೀಟರ್ ಆದರೂ ಉಳಿಯಬಹುದು. ಪಕ್ಕದ ಮನೆಯವರು ತಮ್ಮ ಟ್ಯಾಂಕಿಗೆ ಪಂಪ್ ಮಾಡಿಕೊಳ್ಳುತ್ತೇವೆ ಅಂದಿದ್ದಾರೆ, ಅರ್ಧ ಬೆಲೆ ಕೊಡುತ್ತಾರಂತೆ. ಅತ್ತೆಗೆ ಇದು ಕೇಳಿ ನಿದ್ದೆ ಬಂದಿಲ್ಲ. ಮುನ್ನೂರು ಲೀಟರ್ ಸೀಮೆಎಣ್ಣೆ, ಕಾರ್ಡ್ ಇಲ್ಲದೆ, ಅರ್ಧ ಬೆಲೆಗೆ!

ಮಂಡ್ಯದ_ಹೈದ
ಅತ್ತೆಗೆ ಒಂದು ಕ್ಯಾನ್ ತುಂಬಿಸಿ ಕೊಡಿ ಅಕ್ಕ, ನೆನಪಿಗೆ.

ಕಿಲ್ಡೇರ್_ಅಕ್ಕ
ಸುಮಾ, ಆ ಸರ್ವೇ ಹುಡುಗಿಗೆ ಹೇಳಿ ಹಂಡೆಯ ಕಪಾಟಿನಲ್ಲಿ ಒಂದು ಹಲಗೆ ಹಾಕಿಸಿಕೊಳ್ಳಿ. ಸೊನ್ನೆಗಿಂತ ವಾಸಿ, ಹಿಟ್ಟು ಮಧ್ಯಾಹ್ನಕ್ಕಾದರೂ ಉಬ್ಬುತ್ತೆ.